ಕಲಬುರಗಿಯ ಪಿನ್ ಕೋಡನ್ನು ಒಡೆದು ನೋಡಿದ ಬಗೆ

ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲಿ ಗಣಿತ ಹೇಳಿಕೊಡುವ ನಾನು, ಅವಿಭಾಜ್ಯ ಅಪವರ್ತನದ ಪಾಠ ಬಂದಾಗಲೆಲ್ಲ ಕಲಬುರಗಿ ಮುಖ್ಯ ಅಂಚೆ ಕಚೇರಿಯ ಪಿನ್ ಕೋಡ್ ಆದ 585101ನ್ನೇ ಹಲಗೆಯ ಮೇಲೆ ಬರೆಯುತ್ತೇನೆ.

ಇದು 2, 3, 5ರಿಂದ ಭಾಗವಾಗದೆಂಬುದು ನೋಡಿದೊಡನೆ ತಿಳಿಯುತ್ತದೆ. ಮುಂದಿನ ಮೂರು ಅವಿಭಾಜ್ಯಗಳಿಗೆ ಒಂದು ಒಳದಾರಿಯಿದೆ: 7×11×13 = 1001 ಆಗಿರುವುದರಿಂದ, ಆರಂಕಿಯ ಸಂಖ್ಯೆಯನ್ನು ನಡುವೆ ಸೀಳಿ, ಒಂದು ಭಾಗದಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನಷ್ಟೇ ಪರೀಕ್ಷಿಸಿದರೆ ಸಾಕು. 585ರಲ್ಲಿ 101 ಕಳೆದರೆ 484, ಅಂದರೆ 22ರ ವರ್ಗ. ಅದು 11ಕ್ಕೆ ಮಾತ್ರ ಹೋಗುತ್ತದೆ. ಹೀಗೆ 585101 = 11×53191 ಎಂದಾಯಿತು.

ನಾನು ಎಡವಿದ್ದು ಇಲ್ಲಿಯೇ. 53191ರ ವರ್ಗಮೂಲ 230ನ್ನು ತುಸು ದಾಟುವುದರಿಂದ, ಅದು ಅವಿಭಾಜ್ಯವೆಂದು ಹೇಳುವ ಮೊದಲು 229ರವರೆಗಿನ ಐವತ್ತೂ ಅವಿಭಾಜ್ಯಗಳನ್ನು ಪರೀಕ್ಷಿಸಬೇಕಿತ್ತು. ನಾನು 41ರವರೆಗೆ ಭಾಗಿಸಿ, ಬೇಸತ್ತು, ಎರಡು ವರ್ಷ ಅದನ್ನು ಅವಿಭಾಜ್ಯವೆಂದೇ ಮಕ್ಕಳಿಂದ ಬರೆಸಿದೆ. ಮೂರನೆಯ ವರ್ಷ ಒಬ್ಬ ಹುಡುಗಿ, ಅವರಪ್ಪ ತೊಗರಿ ಮಾರಿ ತಂದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಮಾಡಿ, "ಸರ್, 43ಕ್ಕ ಹೋಗ್ತದ್ರಿ" ಎಂದಳು. 53ರಲ್ಲಿ ಒಂದು ಸಲ, 101ರಲ್ಲಿ ಎರಡು, 159ರಲ್ಲಿ ಮೂರು, 301ರಲ್ಲಿ ಸರಿಯಾಗಿ ಏಳು, ಶೇಷ ಸೊನ್ನೆ. ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ನನಗೂ ಸಿಗುತ್ತಿತ್ತು! ಭಾಗಲಬ್ಧ 1237. ಅದರ ವರ್ಗಮೂಲ ಸುಮಾರು 35 ಮಾತ್ರ; ಅಲ್ಲಿಯವರೆಗಿನ ಅವಿಭಾಜ್ಯಗಳನ್ನು ಆಗಲೇ ತಳ್ಳಿಹಾಕಿದ್ದರಿಂದ ಅದನ್ನು ಮತ್ತೆ ಭಾಗಿಸಿ ನೋಡುವ ಅಗತ್ಯ ಬೀಳಲಿಲ್ಲ. ಕೊನೆಗೆ 585101 = 11×43×1237.

ಫ್ರೆಂಚ್ ಗಣಿತಜ್ಞ ಫರ್ಮಾನ ವಿಧಾನವನ್ನೂ ಒಮ್ಮೆ ಹಿಡಿದು ನೋಡಿದೆ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವ ಈ ಹಾದಿಯಲ್ಲಿ, 585101ರ ವರ್ಗಮೂಲವನ್ನು ತುಸು ದಾಟಿದ 765ರಿಂದ ಹೊರಟರೆ 91ನೆಯ ಪ್ರಯತ್ನಕ್ಕೆ 855² − 382² ಸಿಗುತ್ತದೆ. ಅದರಿಂದ 473×1237 ಹೊರಬೀಳುತ್ತದೆ. ಅಪವರ್ತನಗಳು ಒಂದಕ್ಕೊಂದು ಹತ್ತಿರವಿಲ್ಲದಾಗ ಇದನ್ನು ಕೈಲೆಕ್ಕಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ವರ್ಗಗಳ ವ್ಯತ್ಯಾಸವಾದರೆ ಮೊತ್ತವೂ ಆದೀತೇ ಎಂದು ಮಕ್ಕಳು ಕೇಳಿದರು. 4ರಿಂದ ಭಾಗಿಸಿದಾಗ 585101 ಶೇಷ 1 ಉಳಿಸುವುದರಿಂದ ಆಸೆಯೇನೋ ಹುಟ್ಟುತ್ತದೆ. ಆದರೆ ಎರಡು ವರ್ಗಗಳ ಮೊತ್ತವಾಗಬೇಕಾದರೆ ಶೇಷ 3 ಉಳಿಸುವ ಪ್ರತಿ ಅವಿಭಾಜ್ಯವೂ ಸರಿಸಂಖ್ಯೆಯಷ್ಟು ಸಲ ಬರಬೇಕು; ಇಲ್ಲಿ ಅಂಥ 11 ಮತ್ತು 43 ಒಂದೊಂದೇ ಸಲ ಬಂದಿರುವುದರಿಂದ ಅದು ಸಾಧ್ಯವಿಲ್ಲ. ಬೀದರಿನ 585401ನ್ನು ಒಡೆಯಲು ಮೂವತ್ತಮೂರನೆಯ ಅವಿಭಾಜ್ಯವಾದ 137ರವರೆಗೆ ಹೋಗಬೇಕಾಯಿತು. ಅದು 137×4273, ಎರಡೂ ಶೇಷ 1 ಉಳಿಸುವ ಅವಿಭಾಜ್ಯಗಳು. ಆದ್ದರಿಂದ ಕಲಬುರಗಿಗೆ ಒಮ್ಮೆಯೂ ದಕ್ಕದ್ದು ಬೀದರಿಗೆ ಎರಡು ಬಗೆಯಲ್ಲಿ ದಕ್ಕಿದೆ: 580² + 499² ಮತ್ತು 755² + 124².