ಬೆಕ್ಕಿಗೆ ಸಕ್ಕರೆ ಕಾಯಿಲೆ: ಮೊದಲು ಟ್ರೇ ನೋಡಿ, ಆಮೇಲೆ ಮೀಟರ್

ನಮ್ಮ ಬೂದನಿಗೆ ಈಗ 11 ವರ್ಷ. ಎರಡು ವರ್ಷದ ಹಿಂದೆ ಒಂದು ರಾತ್ರಿ ಅವನಿಗೆ ಉಚ್ಚೆ ಕಟ್ಟಿಕೊಂಡಿತ್ತು. ಡೊಂಬಿವಲಿಯಿಂದ ಟ್ಯಾಕ್ಸಿ ಮಾಡಿಕೊಂಡು ಓಡಿದೆವು. ನಳಿಕೆ ಹಾಕಿ ಮೂತ್ರ ತೆಗೆದು, ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆ ಕಥೆ ಮರೆಯಿತು ಅನ್ನುವಷ್ಟರಲ್ಲಿ, ಕಳೆದ ಬೇಸಿಗೆಯಲ್ಲಿ ಅವನು ಬಚ್ಚಲಿನ ಬಕೆಟ್‌ಗೆ ಮುಂಗಾಲು ಊರಿ ನೀರು ಕುಡಿಯತೊಡಗಿದ. "ಮುಂಬಯಿ ಸೆಕೆ, ಕುಡೀಲಿ ಬಿಡೆ" ಅಂದರು ಅತ್ತೆ. ನಾನೂ ಹೌದೆಂದುಕೊಂಡೆ. ತಿನ್ನುವುದು ಮೊದಲಿಗಿಂತ ಜಾಸ್ತಿಯೇ ಇತ್ತು, ಆದರೂ ಸವರಿದರೆ ಬೆನ್ನೆಲುಬು ಕೈಗೆ ಸಿಗುತ್ತಿತ್ತು. ಕೊನೆಗೆ ಒಂದು ದಿನ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ, ಮೊಲದ ಹಾಗೆ ನಡೆದ. ಸಕ್ಕರೆ ಏರಿ ನರಗಳಿಗೆ ಪೆಟ್ಟು ಬಿದ್ದಾಗ ಹಾಗಾಗುತ್ತದೆ. ರಕ್ತ ನೋಡಿದರೆ ಸಕ್ಕರೆ 430.

ಈ ಎರಡು ತೊಂದರೆಯೂ ಒಂದೇ ಬೆಕ್ಕಿಗೆ ಬಂದರೆ ಒಂದು ಗೊಂದಲ ಇದೆ. ಎರಡರಲ್ಲೂ ಬೆಕ್ಕು ಪದೇ ಪದೇ ಟ್ರೇಗೆ ಹೋಗುತ್ತದೆ. ಒಂದರಲ್ಲಿ ಮೂತ್ರ ಜಾಸ್ತಿಯಾಗಿ, ಇನ್ನೊಂದರಲ್ಲಿ ಮೂತ್ರ ಬರದೆ. ಮೊದಲನೆಯದಕ್ಕೆ ನಾಳೆ ಬೆಳಿಗ್ಗೆ ಫೋನ್ ಮಾಡಿದರೂ ನಡೆದೀತು. ಎರಡನೆಯದಕ್ಕೆ ಈಗಲೇ ಚಪ್ಪಲಿ ಮೆಟ್ಟಬೇಕು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹೆಜ್ಜೆ 1: ಉಂಡೆ ಎಣಿಸಿ

ಮೊದಲು ಟ್ರೇಗೆ ಹಾಕಲು ಉಂಡೆ ಕಟ್ಟುವ ಲಿಟ್ಟರ್ ತನ್ನಿ. ಮೂತ್ರ ಬಿದ್ದ ಕಡೆ ಗಟ್ಟಿಯಾಗುವ ಜಾತಿಯದು. ಸುಮ್ನೆ ಮರಳು, ಪೇಪರ್ ಚೂರು ಹಾಕಿದರೆ ಲೆಕ್ಕ ಸಿಗುವುದಿಲ್ಲ. ಬೆಳಿಗ್ಗೆ, ಸಂಜೆ ಸೋಸುವಾಗ ಎಷ್ಟು ಉಂಡೆ, ಎಷ್ಟು ದೊಡ್ಡದು ಅಂತ ನೋಡಿ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಎರಡು-ಮೂರು ಸಲ ಹೋಗುತ್ತದೆ, ಉಂಡೆ ನಿಂಬೆಹಣ್ಣಿನ ಆಸುಪಾಸು ಇರುತ್ತದೆ. ಸಕ್ಕರೆ ಏರಿದಾಗ ಬೂದನ ಉಂಡೆ ಮೋಸಂಬಿಯಷ್ಟಾಗುತ್ತಿತ್ತು, ದಿನಕ್ಕೆ ಐದಾರು. ಮೂತ್ರಕೋಶದ ಉರಿ ಅಥವಾ ಅಡಚಣೆ ಇದ್ದಾಗ ಸಿಗುವುದು ಕಡಲೆಕಾಳಿನಂಥ ಚೂರುಗಳು, ಇಲ್ಲವೇ ಏನೂ ಇಲ್ಲ.

ನಮ್ಮ ಮನೆಯಲ್ಲಿ ಇದಕ್ಕೆ ಕಾಲನಿರ್ಣಯ ಕ್ಯಾಲೆಂಡರೇ ಪುಸ್ತಕ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಬೂದನ ಲೆಕ್ಕ: ದೊ 2, ಸ 1, ಅಂದರೆ ದೊಡ್ಡ ಉಂಡೆ ಎರಡು, ಸಣ್ಣದು ಒಂದು. ಹಾಲಿನವನಿಗೆ ತಿಂಗಳ ಕೊನೆಯಲ್ಲಿ ಲೆಕ್ಕ ಕೊಡುವಾಗ ಒಂದೆರಡು ಸಲ ಎಡವಟ್ಟಾಗಿದ್ದೂ ಉಂಟು.

ಟ್ರೇಯಲ್ಲಿ ಕೂತು ತಿಣುಕುತ್ತದೆ, ಅರಚುತ್ತದೆ, ಹಿಂಬದಿ ನೆಕ್ಕುತ್ತಲೇ ಇರುತ್ತದೆ, ಆದರೆ ಉಂಡೆ ಇಲ್ಲ. ಇಷ್ಟು ಕಂಡರೆ ಗಡಿಯಾರ ನೋಡಬೇಡಿ, ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರ ಸಣ್ಣದು. ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ತುಂಬಾ ಜನ ಇದನ್ನು ಮಲಬದ್ಧತೆ ಅಂದುಕೊಳ್ಳುತ್ತಾರೆ. ನಾವೂ ಆ ರಾತ್ರಿ ಎರಡು ಗಂಟೆ ಹಾಗೇ ಅಂದುಕೊಂಡು ಕೂತಿದ್ದೆವು.

ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ ಅನ್ನುವುದನ್ನು ಇವತ್ತೇ ವಿಚಾರಿಸಿಡಿ. ಪರೇಲ್‌ನಲ್ಲಿ 19ನೇ ಶತಮಾನದಿಂದ ಇರುವ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು, 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜು ಇರುವುದೂ ಅಲ್ಲೇ. ಆದರೆ ಡೊಂಬಿವಲಿ, ಅಂಬರನಾಥ್ ಕಡೆಯವರಿಗೆ ನಡುರಾತ್ರಿ ಪರೇಲ್ ದೂರವೇ. ಹತ್ತಿರದ್ದೊಂದು ನಂಬರ್ ಫ್ರಿಜ್ ಮೇಲೆ ಅಂಟಿಸಿರಲಿ.

ಹೆಜ್ಜೆ 2: ಬಟ್ಟಲಲ್ಲಿ ನೀರು, ಊಟದಲ್ಲೂ ನೀರು

ಜಾಸ್ತಿ ಉಚ್ಚೆ ಹೊಯ್ಯುತ್ತದೆ ಅಂತ ನೀರಿನ ಬಟ್ಟಲು ಎತ್ತಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸಕ್ಕರೆ ಮೂತ್ರದ ಜೊತೆ ನೀರನ್ನು ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಬಾಯಾರಿಕೆ. ನೀರು ತಪ್ಪಿಸಿದರೆ ಮೈ ಒಣಗುತ್ತದೆ, ಮೂತ್ರ ಗಟ್ಟಿಯಾಗುತ್ತದೆ, ಹಳೆಯ ಹರಳಿನ ತೊಂದರೆಗೂ ದಾರಿಯಾಗುತ್ತದೆ.

ಊಟದ ವಿಷಯದಲ್ಲಿ ಎರಡೂ ಕಾಯಿಲೆ ಒಂದೇ ಮಾತು ಹೇಳುತ್ತವೆ, ಅದು ನಮ್ಮ ಪುಣ್ಯ. ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತು ಪಾಲೂ ಇರುವುದು ಕಷ್ಟ, ಪಿಷ್ಟ ಮಾತ್ರ ಧಾರಾಳ. ಡಬ್ಬಿ ಅಥವಾ ಪೌಚ್‌ನ ಹಸಿ ಊಟದಲ್ಲಿ ನೂರಕ್ಕೆ 75ರಿಂದ 80 ಪಾಲು ನೀರು, ಪಿಷ್ಟ ಸಾಮಾನ್ಯವಾಗಿ ಕಡಿಮೆ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ, ನಾಲಿಗೆಯಲ್ಲಿ ಆ ಗ್ರಾಹಕವೇ ಕೆಲಸ ಮಾಡುವುದಿಲ್ಲ. ಹಾಗಾಗಿ "ನಾವು ಸಿಹಿ ಕೊಟ್ಟೇ ಇಲ್ಲವಲ್ಲ" ಅಂತ ಅಂದುಕೊಂಡು ಪ್ರಯೋಜನವಿಲ್ಲ. ದಿನವಿಡೀ ಬಟ್ಟಲು ತುಂಬಿಟ್ಟ ಒಣ ಕಾಳು, ಹಾಲನ್ನ, ಜೊತೆಗೆ ಕಿಟಕಿಯ ಮೇಲೆ ನಿದ್ದೆ: ಬೂದ ದಪ್ಪಗಾದದ್ದು ಹೀಗೆ. ಸಂತಾನಹರಣ ಆದ, ಮನೆಯೊಳಗೇ ಇರುವ, ದಪ್ಪನೆಯ ಗಂಡು ಬೆಕ್ಕುಗಳಿಗೆ ಈ ಕಾಯಿಲೆ ಬರುವುದು ಜಾಸ್ತಿ.

ಎರಡು ಎಚ್ಚರಿಕೆ. ಇನ್ಸುಲಿನ್ ಶುರುವಾಗಿದ್ದರೆ ಡಾಕ್ಟ್ರಿಗೆ ಹೇಳದೆ ಊಟ ಬದಲಿಸಬೇಡಿ. ಪಿಷ್ಟ ಇಳಿದರೆ ಸಕ್ಕರೆಯೂ ಥಟ್ಟನೆ ಇಳಿಯುತ್ತದೆ, ಹಳೆಯ ಡೋಸ್ ಆಗ ಜಾಸ್ತಿಯಾಗಿಬಿಡುತ್ತದೆ. ಇನ್ನೊಂದು, ಮೂತ್ರದ ತೊಂದರೆಗೆಂದು ಹಿಂದೆ ಬರೆದುಕೊಟ್ಟ ಒಣ ಕಾಳಿನ ಚೀಲ ಮನೆಯಲ್ಲಿದ್ದರೆ ಅದನ್ನೇ ಮುಂದುವರಿಸಬೇಕೇ ಅಂತ ಕೇಳಿ. ಅಂಥ ಊಟ ಸ್ಟ್ರುವೈಟ್ ಹರಳನ್ನು ಕರಗಿಸಬಹುದು, ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಯಾವ ಊಟಕ್ಕೂ ಕರಗುವುದಿಲ್ಲ. ಕೆಲವು ಬ್ರ್ಯಾಂಡ್‌ಗಳಲ್ಲಿ ಪಿಷ್ಟ ತುಂಬಾ ಇರುತ್ತದೆ. ಎರಡಕ್ಕೂ ಹೊಂದುವ ಹಸಿ ಊಟ ಯಾವುದು ಅಂತ ಡಾಕ್ಟ್ರು ಆರಿಸಲಿ.

ಬಾಂಗಡೆ? ಬೇಯಿಸಿ, ಮುಳ್ಳು ತೆಗೆದು, ಯಾವಾಗಲಾದರೂ ಒಂದು ಚೂರು. ಒಣಮೀನು ಬೇಡ, ಉಪ್ಪು. ದಿನಾ ಬರೀ ಮೀನು, ಬರೀ ಬೇಯಿಸಿದ ಕೋಳಿ ಹಾಕಿದರೆ ಬೇಕಾದ ಸತ್ವಗಳು ಪೂರ್ತಿ ಸಿಗುವುದಿಲ್ಲ.

ದಪ್ಪ ಇಳಿಸಬೇಕೆಂದು ಉಪವಾಸ ಹಾಕಬೇಡಿ. ಏಕಾದಶಿ ನಮಗಿರಲಿ. ದಪ್ಪನೆಯ ಬೆಕ್ಕು ಎರಡು-ಮೂರು ದಿನ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆಯೇ ಬರುತ್ತದೆ.

ಹೆಜ್ಜೆ 3: ಸಿರಿಂಜ್‌ನ ಟೋಪಿಯ ಬಣ್ಣ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶದ ಮೆಡಿಕಲ್ ಅಂಗಡಿಗಳಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಟೋಪಿಯದು ಯು-40, ಕಿತ್ತಳೆ ಟೋಪಿಯದು ಯು-100. ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ ಮೊದಲನೆಯದು, 100 ಯೂನಿಟ್ ಇರುವುದಕ್ಕೆ ಎರಡನೆಯದು. ಬೆಕ್ಕುಗಳಿಗೆ ತುಂಬಾ ಸಲ ಬರೆದುಕೊಡುವ ಗ್ಲಾರ್ಜಿನ್ ಅನ್ನುವ ಇನ್ಸುಲಿನ್ ಸಾಮಾನ್ಯವಾಗಿ 100 ಯೂನಿಟ್‌ನದು. ಪ್ರಾಣಿಗಳಿಗೆಂದೇ ಬರುವ ಕೆಲವು ಇನ್ಸುಲಿನ್ 40ರದು.

ಬೂದನಿಗೆ ಡಾಕ್ಟ್ರು ಬರೆದದ್ದು ಗ್ಲಾರ್ಜಿನ್, 12 ಗಂಟೆಗೊಮ್ಮೆ ಒಂದು ಯೂನಿಟ್. ಎರಡನೇ ತಿಂಗಳು ಸಿರಿಂಜ್ ಮುಗಿದು ಅಂಗಡಿಗೆ ಹೋದರೆ ಹುಡುಗ ಕೆಂಪು ಟೋಪಿಯ ಪ್ಯಾಕೆಟ್ ಕೊಟ್ಟ. ಟೋಪಿ ಬೇರೆ ಬಣ್ಣ ಇದೆಯಲ್ಲ ಅಂದೆ. "ಅರೇ ಆಂಟಿ, ಸುಯಿ ತೋ ಸುಯಿ ಹೈ" ಅಂದ, ಯಾವುದಾದರೂ ಸೂಜಿ ಸೂಜಿಯೇ ಅಂತ. ಮನೆಗೆ ತಂದು ಬೆಳಕಿಗೆ ಹಿಡಿದು ಗೆರೆ ನೋಡಿದೆ. ಆ ಸಿರಿಂಜ್‌ನಲ್ಲಿ ಒಂದು ಗೆರೆ ಎಳೆದಿದ್ದರೆ ಬೂದನಿಗೆ ಹೋಗುತ್ತಿದ್ದದ್ದು ಎರಡೂವರೆ ಯೂನಿಟ್. ನಾಲ್ಕೂವರೆ ಕೆಜಿಗೆ ಇಳಿದಿದ್ದ ಬೆಕ್ಕಿಗೆ! ಅದೇ ಸಂಜೆ ವಾಪಸ್ ಕೊಟ್ಟು ಬಂದೆ. ಆದ್ದರಿಂದ ಬಾಟಲಿಯ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಪ್ರತಿ ಹೊಸ ಪ್ಯಾಕೆಟ್‌ಗೂ ಓದಿ. ಸಣ್ಣ ಡೋಸ್‌ಗೆ ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಲೀಟರ್ ಸಿರಿಂಜ್ ಕೇಳಿ ತರಿಸಿಕೊಳ್ಳಿ. ಮನೆಯಲ್ಲಿ ಅಜ್ಜನ ಇನ್ಸುಲಿನ್ ಇದ್ದರೆ ಅದು ಅಜ್ಜನಿಗೇ ಇರಲಿ.

ಸೂಜಿ ಹಾಕುವುದು ನೀವು ಹೆದರಿದಷ್ಟು ಕಷ್ಟವಲ್ಲ. ಮೊದಲು ಊಟ ಇಡಿ. ತಿನ್ನುತ್ತಿರುವಾಗ ಪಕ್ಕೆಯ ಹತ್ತಿರ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದ ಹಾಗೆ ಎತ್ತಿ, ಬುಡದಲ್ಲಿ ಸೂಜಿ ಚುಚ್ಚಿ ಒತ್ತಿ. ಒಂದು ಹೊತ್ತು ಎಡ, ಇನ್ನೊಂದು ಹೊತ್ತು ಬಲ. ಬೂದ ಬಟ್ಟಲಿಂದ ತಲೆಯನ್ನೇ ಎತ್ತುವುದಿಲ್ಲ. ಕೂದಲು ಒದ್ದೆಯಾಗಿ ಮದ್ದು ಹೊರಗೆ ಹೋಯಿತೇನೋ ಅನ್ನಿಸಿದರೂ ಎರಡನೇ ಸಲ ಹಾಕಬೇಡಿ. ಒಂದು ಹೊತ್ತು ಸಕ್ಕರೆ ಏರಿದ್ದರೆ ಪರವಾಗಿಲ್ಲ, ಡೋಸ್ ಎರಡಾದರೆ ಅಪಾಯ. ಊಟ ಬಿಟ್ಟರೂ ಅಷ್ಟೇ, ಡಾಕ್ಟ್ರನ್ನು ಕೇಳದೆ ಪೂರ್ತಿ ಡೋಸ್ ಬೇಡ.

ಬಾಟಲಿ ಫ್ರಿಜ್‌ನ ಒಳಗಿನ ತಟ್ಟೆಯಲ್ಲಿರಲಿ. ಬಾಗಿಲಲ್ಲಿ ಬೇಡ, ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಎಸೆಯಿರಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಬಿಗಿಯಾಗಿ ಮುಚ್ಚಿ, ಬೇರೆಯಾಗಿ ಕೊಡಿ. 2016ರ ಕಸ ನಿರ್ವಹಣೆ ನಿಯಮ ಇದನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿತ್ತು. ನಿಯಮ ಹಾಗಿರಲಿ, ಕಸ ಬೇರ್ಪಡಿಸುವ ಹೆಂಗಸಿನ ಬರಿಗೈ ನೆನಪಿರಲಿ.

ಹೆಜ್ಜೆ 4: ಸಕ್ಕರೆ ಅಳೆಯುವುದು

ಆಸ್ಪತ್ರೆಯಲ್ಲಿ ಹೆದರಿದ ಬೆಕ್ಕಿನ ಸಕ್ಕರೆ, ಕಾಯಿಲೆ ಇಲ್ಲದಿದ್ದರೂ 300 ದಾಟುವುದುಂಟು. ಮನೆಯ ಅಳತೆಗೆ ಬೆಲೆ ಬರುವುದು ಅದಕ್ಕೇ. ಕಿವಿಯನ್ನು ಅಂಗೈಯಲ್ಲಿ ಒಂದು ನಿಮಿಷ ಬೆಚ್ಚಗೆ ಹಿಡಿದು, ಹಿಂದೆ ಹತ್ತಿಯ ತುಂಡು ಇಟ್ಟು, ಅಂಚಿನಲ್ಲಿ ಚುಚ್ಚಿ. ಒಂದು ಹನಿ ಸಾಕು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಯಾವ ಮೀಟರ್ ಬಳಸುತ್ತೀರಿ ಅಂತ ಡಾಕ್ಟ್ರಿಗೆ ಹೇಳಿ, ಅದನ್ನೇ ಬಳಸಿ. ಸೂಜಿಗೆ ಮೊದಲು 150ಕ್ಕಿಂತ ಕಡಿಮೆ ಇದ್ದರೆ ಕೇಳದೆ ಹಾಕಬೇಡಿ ಅನ್ನುವುದು ನಮ್ಮ ಡಾಕ್ಟ್ರು ಹಾಕಿಕೊಟ್ಟ ಗೆರೆ. ನಿಮ್ಮ ಬೆಕ್ಕಿನ ಗೆರೆ ನಿಮ್ಮ ಡಾಕ್ಟ್ರು ಹೇಳಬೇಕು. ಡೋಸ್ ಮಾತ್ರ ಮೀಟರ್ ನೋಡಿ ನೀವೇ ಏರಿಸಬೇಡಿ.

ಸಕ್ಕರೆ ತೀರ ಇಳಿದರೆ ಬೆಕ್ಕು ತೂರಾಡುತ್ತದೆ, ಮಂಕಾಗುತ್ತದೆ, ಕೆಲವು ಸಲ ಹಸಿವಾಗಿ ಅರಚುತ್ತದೆ, ಕೊನೆಗೆ ಫಿಟ್ಸ್ ಬರಬಹುದು. ಎಚ್ಚರವಿದ್ದು ನುಂಗುವಂತಿದ್ದರೆ ಕೂಡಲೇ ಊಟ ಕೊಡಿ. ಇಲ್ಲದಿದ್ದರೆ ಜೇನು ಅಥವಾ ಗ್ಲೂಕೋಸ್ ಪುಡಿ ಕಲಸಿದ ಪಾಕವನ್ನು ಒಸಡಿಗೆ ಬೆರಳಲ್ಲಿ ಸವರಿ, ಬಾಯಿಗೆ ಸುರಿಯಬೇಡಿ. ಫಿಟ್ಸ್ ಬಂದಿರುವಾಗ ಹಲ್ಲಿನ ನಡುವೆ ಬೆರಳು ಹೋಗದಂತೆ ನೋಡಿಕೊಳ್ಳಿ. ಸರಿಹೋದ ಹಾಗೆ ಕಂಡರೂ ಡಾಕ್ಟ್ರ ಹತ್ತಿರ ಕರೆದೊಯ್ಯಿರಿ. ನಮ್ಮ ಜೇನಿನ ಬಾಟಲಿ ಅಡುಗೆಮನೆಯಿಂದ ಟಿವಿ ಪಕ್ಕಕ್ಕೆ ಬಂದು ಒಂದು ವರ್ಷವಾಯಿತು.

ಹೆಜ್ಜೆ 5: ಸಾರಿನ ಸೌಟು

ಸಿಹಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ. ಹಿಂದೆ ನಳಿಕೆ ಹಾಕಿಸಿಕೊಂಡ ಬೆಕ್ಕಿನಲ್ಲಿ ಸೋಂಕಿನ ಭಯ ಇನ್ನೂ ಜಾಸ್ತಿ. ಕಷ್ಟ ಏನೆಂದರೆ ಸೋಂಕು ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಸುಮ್ನೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಕಾಣುತ್ತದೆ, ಅಷ್ಟೇ. ಹಾಗಾದಾಗ ಡೋಸ್ ಏರಿಸುವ ಮೊದಲು ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸೋಣವೇ ಅಂತ ಕೇಳಿ. ಅದಕ್ಕೆ ಡಾಕ್ಟ್ರು ಹೊಟ್ಟೆಯ ಮೂಲಕ ಸೂಜಿಯಲ್ಲಿ ನೇರವಾಗಿ ಮೂತ್ರ ತೆಗೆಯುತ್ತಾರೆ. ಟ್ರೇಯಿಂದ ತೆಗೆದದ್ದು ಕಲ್ಚರ್‌ಗೆ ಆಗುವುದಿಲ್ಲ. ಹಳೆಯ ಆ್ಯಂಟಿಬಯೋಟಿಕ್ ಉಳಿದಿದೆ ಅಂತ ಕೊಡಬೇಡಿ. ಬೇರೆ ಯಾವುದೋ ತೊಂದರೆಗೆ ಹೊಸ ಡಾಕ್ಟ್ರನ್ನು ಕಂಡರೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಹೇಳಿ. ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ.

ಮನೆಯಲ್ಲಿ ನೀವು ನೋಡಬಹುದಾದದ್ದು ಕೀಟೋನ್. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಸುಡತೊಡಗಿದಾಗ ಅದು ಮೂತ್ರಕ್ಕೆ ಬರುತ್ತದೆ. ಮೆಡಿಕಲ್‌ನಲ್ಲಿ ಅದನ್ನು ಪರೀಕ್ಷಿಸುವ ಪಟ್ಟಿ (ಸ್ಟ್ರಿಪ್) ಸಿಗುತ್ತದೆ. ಮೂತ್ರ ಹಿಡಿಯುವುದೇ ಕಲೆ. ನಾವು ಉದ್ದ ಹಿಡಿಯ ಹಳೆಯ ಸಾರಿನ ಸೌಟು ಬಳಸುತ್ತೇವೆ. ಬೂದ ಕೂತ ಮೇಲೆ ಹಿಂದಿನಿಂದ ಮೆಲ್ಲಗೆ ಒಡ್ಡಬೇಕು. ಬೇಗ ಒಡ್ಡಿದರೆ ಎದ್ದುಹೋಗುತ್ತಾನೆ, ತಡವಾದರೆ ಮುಗಿದಿರುತ್ತದೆ. ಆ ಸೌಟಿಗೆ ಕೆಂಪು ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ್ದೇವೆ, ಯಾಕೆಂದು ಹೇಳಬೇಕಿಲ್ಲ ಅಲ್ವಾ. ಪಟ್ಟಿಯ ಬಣ್ಣ ಬದಲಾಗಿ, ಬೆಕ್ಕು ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಅದೂ ಈಗಲೇ ಹೊರಡಬೇಕಾದ ಸಂದರ್ಭವೇ.

ಮನೆಮದ್ದಿನ ಮಾತು ಬಂದೇ ಬರುತ್ತದೆ. ಊರಿನಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿ ಮೂತ್ರಕ್ಕೆ ಬಾರ್ಲಿ ನೀರು, ಕಲ್ಲಿಗೆ ಬಾಳೆದಿಂಡಿನ ರಸ, ಸಕ್ಕರೆಗೆ ಮೆಂತ್ಯ ಅಂತ ಪಟ್ಟಿ ಕೊಟ್ಟರು. ಬಾರ್ಲಿ ಅಂದರೆ ಪಿಷ್ಟ. ಉಳಿದದ್ದು ಬೆಕ್ಕಿಗೆ ನಾಟುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಒತ್ತಾಯಕ್ಕೆ ಕುಡಿಸಿದರೆ ಊಟ ಬಿಡುತ್ತದೆ. ನಮ್ಮ ಮಾತ್ರೆ ಡಬ್ಬಿಯನ್ನಂತೂ ಮುಟ್ಟಬೇಡಿ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಹೆಜ್ಜೆ 6: ಇನ್ನೊಂದು ಕೈ

ಮೂತ್ರಕೋಶದ ಉರಿಗೆ ಗಾಬರಿಯೂ ಒಂದು ಕಾರಣ. ಗಣಪತಿಯ ಢೋಲ್, ದೀಪಾವಳಿ ಪಟಾಕಿ, ಮೇಲಿನ ಮನೆಯ ಡ್ರಿಲ್ಲಿಂಗ್ ಇವನ್ನು ನಿಲ್ಲಿಸಲಾಗದು. ಕಪಾಟಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ, ಶಾಂತ ಮೂಲೆಯಲ್ಲಿ ಟ್ರೇ ಇಡಬಹುದು. ಒಂದು ಬೆಕ್ಕಿಗೆ ಎರಡು ಟ್ರೇ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡನೆಯದು ವಾಷಿಂಗ್ ಮೆಷಿನ್ ಪಕ್ಕಕ್ಕೆ ಹೇಗೋ ತುರುಕಿದ್ದೇವೆ.

ಆದರೆ 12 ಗಂಟೆಗೊಮ್ಮೆ ಹಾಕುವ ಸೂಜಿಗೆ ಲೋಕಲ್ ರೈಲು ಕಾಯುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಾನು ಫೋರ್ಟ್‌ನ ಆಫೀಸಿನಲ್ಲೇ ರಾತ್ರಿ ಕಳೆದವಳು. ಹಾಗಾಗಿ ಮೊದಲ ವಾರವೇ ಎದುರುಮನೆಯ ಕಾಕೂಗೆ ಸೂಜಿ ಕಲಿಸಿದೆ. ಬರೀ ನೀರು ತುಂಬಿದ ಸಿರಿಂಜ್, ಒಂದು ಕಿತ್ತಳೆಹಣ್ಣು, ಹತ್ತು ನಿಮಿಷ. ಅವರು ಪಕ್ಕಾ ಶಾಕಾಹಾರಿ, ಬೆಕ್ಕಿನ ಡಬ್ಬಿ ತೆರೆಯುವಾಗ ಮೂಗು ಮುಚ್ಚಿಕೊಳ್ಳುತ್ತಾರೆ.

ಈ ಆಗಸ್ಟ್‌ನಲ್ಲಿ ಕುರ್ಲಾದ ಹಳಿ ಮುಳುಗಿ ಮನೆ ಮುಟ್ಟುವಾಗ ರಾತ್ರಿ ಹನ್ನೆರಡೂವರೆ. ಬೂದ ಪೆಟ್ಟಿಗೆಯಲ್ಲಿ ಮಲಗಿದ್ದ. ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಕಾಕೂ ಮರಾಠಿಯಲ್ಲಿ ಬರೆದಿಟ್ಟಿದ್ದರು: 8 ಗಂಟೆಗೆ ಸೂಜಿ, ಪೂರ್ತಿ ತಿಂದ, ಲಿಂಬೂ 2.