‘ಹುಳ’ ಅಂದಿದ್ದು ನನ್ನ ತಪ್ಪು

ಮಕ್ಕಳ ಕ್ಯಾನ್ಸರ್ ವಾರ್ಡಿಗೆ ನಾನು ನರ್ಸ್ ಆಗಿ ಸೇರಿದ ಹೊಸತು. ಆರು ವರ್ಷದ ಹುಡುಗಿಯೊಬ್ಬಳಿಗೆ ಕಣ್ಣಿನ ಹಿಂದೆ ಗಡ್ಡೆ. ಗಡ್ಡೆಯ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ರಾಬ್ಡೊಮಯೊಸಾರ್ಕೋಮಾ ಅನ್ನೋ ಕ್ಯಾನ್ಸರ್ ಅಂತ ಬಂದಿತ್ತು. “ಒಳಗೊಂದು ಕೆಟ್ಟ ಹುಳ ಸೇರ್ಕೊಂಡಿದೆ ಪುಟ್ಟಿ, ಔಷಧಿ ಹಾಕಿ ಓಡಿಸೋಣ” ಅಂದುಬಿಟ್ಟೆ. ಆ ರಾತ್ರಿ ಅವಳು ಮಲಗಲೇ ಇಲ್ಲ. ಹುಳ ಕಿವಿಯಿಂದ ಹೊರಗೆ ಬರುತ್ತೆ ಅಂತ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳು. ಅವಳಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ರಾಗಿಮುದ್ದೆ ಹಿಡಿದೆ. ಸರಿಯಾಗಿ ತೊಳಸದಿದ್ದರೆ ಹಿಟ್ಟು ಗಂಟಾಗುತ್ತಲ್ಲ, ಹಾಗೆ ಅಂತ. ಮಂಡ್ಯ ಕಡೆಯ ಹುಡುಗನೊಬ್ಬ ತಕ್ಷಣ ಅಮ್ಮನ ಮುಖ ನೋಡಿದ: “ಹಂಗಾದ್ರೆ ನೀನು ತೊಳಸ್ಲಿಲ್ವಾ?” ಮುದ್ದೆಯೂ ಹೋಯಿತು.

ಈಗ ಕೈ ಮಡಚಿಸಿ ತೋಳು ಮುಟ್ಟಿ ನೋಡು ಅಂತೀನಿ. ಗಟ್ಟಿ ಇರೋದು ಮಾಂಸಖಂಡ. ಮಾಂಸಖಂಡ ಆಗಬೇಕಿದ್ದ ಕೆಲವು ಜೀವಕೋಶಗಳು ಬಲಿಯದೆ ಎಳೆಯದಾಗೇ ಉಳಿದು, ಒಂದು ಎರಡಾಗಿ, ಎರಡು ನಾಲ್ಕಾಗಿ ಗಡ್ಡೆಯಾಗಿವೆ. ಅಷ್ಟೇ. ಕಥೆ ಕಟ್ಟಲ್ಲ. “ಹೆಸರು ಮಾತ್ರ ಹೇಳ್ಬೇಡಿ ಸಿಸ್ಟರ್” ಅಂತ ಅಪ್ಪಂದಿರು ಬಾಗಿಲಲ್ಲೇ ತಡೀತಾರೆ. ಕಾರಿಡಾರಿನಲ್ಲಿ ಮಗು ಅದನ್ನು ಆಗಲೇ ಹತ್ತು ಸಲ ಕೇಳಿರುತ್ತೆ. ಅವರನ್ನು ಒಪ್ಪಿಸಿ, ಪಕ್ಕದಲ್ಲೇ ಕೂರಿಸಿಕೊಂಡು, ಹೆಸರನ್ನು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸ್ತೀನಿ: ರಾಬ್, ಡೊ, ಮಯೊ, ಸಾರ್, ಕೋ, ಮಾ.

ಕೇಳದಿದ್ದರೂ ಹೇಳುವ ಮಾತು ಇನ್ನೊಂದಿದೆ: ಇದು ಬಂದಿದ್ದು ನೀನು ಸೈಕಲ್ಲಿಂದ ಬಿದ್ದಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೂ ಅಲ್ಲ. ಎಷ್ಟೋ ಮಕ್ಕಳು ಆಗ ಉಸಿರು ಬಿಡೋದು ಕಾಣುತ್ತೆ. ಮನೆಯಲ್ಲಿರೋ ತಮ್ಮ ತಂಗಿಯರಿಗೂ ಹೇಳಬೇಕು, ಅಕ್ಕನ ಲೋಟದಲ್ಲಿ ನೀರು ಕುಡಿದರೆ ಇದು ಅಂಟಲ್ಲ ಅಂತ.

ಔಷಧಿ ವಿಷಯದಲ್ಲಿ ಮುಂಚೆಯೇ ಹೇಳಿಬಿಡೋದು ಮೇಲು. ವಿನ್‌ಕ್ರಿಸ್ಟಿನ್ ಹಾಕಿದ ಮೇಲೆ ಮಲ ಕಟ್ಟಬಹುದು, ಪಾದ ಎತ್ತಿಡೋಕೆ ಕಷ್ಟವಾಗಬಹುದು. ಸೈಕ್ಲೋಫಾಸ್ಫಮೈಡ್ ದಿನ ರಾತ್ರಿಯೂ ಎಬ್ಬಿಸಿ ಸೂಸು ಮಾಡಿಸ್ತೀವಿ, ಮೂತ್ರಕೋಶಕ್ಕೆ ಗಾಯವಾಗಬಾರದು ಅಂತ. “ನೋವಾಗಲ್ಲ” ಅನ್ನೋ ಮಾತನ್ನು ನಾನು ಆಡಲ್ಲ. ಸೂಜಿ ಚುಚ್ಚಿದ ಕೂಡಲೇ ಸಿಕ್ಕಿಬೀಳ್ತೀನಿ.

ಕೂದಲಿನ ಮಾತು ಬಂದಾಗ ಒಬ್ಬಳು ಕೇಳಿದ್ದು ಒಂದೇ: “ಮುಂದಿನ ಜಾತ್ರೆಗೆ ಜಡೆ ಹಾಕೋಷ್ಟು ಬರುತ್ತಾ?”

“ಅಷ್ಟು ಬರಲ್ಲ ಕಣೇ” ಅಂದೆ. ಸ್ವಲ್ಪ ಯೋಚಿಸಿ, “ಹಂಗಾದ್ರೆ ಕ್ಲಿಪ್ಪು?” ಅಂದಳು.