ಮಕ್ಕಳೊಂದಿಗೆ ದುಬೈಗೆ: ಮೊದಲು ಬರ್ತ್ ಸರ್ಟಿಫಿಕೇಟ್, ಆಮೇಲೆ ಟಿಕೆಟ್

ದುಬೈನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ನಮ್ಮವರು ಮೊದಲು ಸೂಟ್‌ಕೇಸ್ ಕೊಳ್ಳುತ್ತಾರೆ. ಆಮೇಲೆ ಕರಾಮಾದಲ್ಲಿ ಬಾಡಿಗೆ ಎಷ್ಟು, ಯಾವ ಸ್ಕೂಲು ಚೆನ್ನಾಗಿದೆ ಅಂತ ಕಂಡಕಂಡವರನ್ನೆಲ್ಲ ಕೇಳುತ್ತಾರೆ. ಬೀರು ತೆಗೆದು ಮಗುವಿನ ಜನನ ಪ್ರಮಾಣಪತ್ರ ಎಲ್ಲಿದೆ, ಅದರಲ್ಲಿ ಹೆಸರು ಹೇಗೆ ಬರೆದಿದೆ ಅಂತ ನೋಡುವವರು ಕಡಿಮೆ. ಅಪ್ಪ ಅಲ್ಲಿ, ಅಮ್ಮ ಮಕ್ಕಳು ಇಲ್ಲಿ ಅಂತ ತಿಂಗಳುಗಟ್ಟಲೆ ಒದ್ದಾಡುವ ಸಂಸಾರಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರಿಗೆ ತೊಡಕಾದದ್ದು ದುಡ್ಡಲ್ಲ, ಈ ಒಂದು ಹಾಳೆ. ಆದ್ದರಿಂದ ಈ ಲೇಖನದಲ್ಲಿ ಅರ್ಧ ಅದರ ಬಗ್ಗೆಯೇ ಇದೆ. ಬೇಸರ ಮಾಡಿಕೊಳ್ಳಬೇಡಿ.

ಹಂತ 1: ಆಫರ್ ಲೆಟರ್ ಸರಿಯಾಗಿ ಓದಿ

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಂ ಜೊತೆಗೆ ಕಂಪನಿ ಕೊಟ್ಟ ಮನೆ ಇರಬೇಕು. ಅದು ಕಾನೂನಿಗೆ ಸಾಕು, ಸಂಸಾರಕ್ಕೆ ಸಾಲದು. ಮಕ್ಕಳ ಸ್ಕೂಲ್ ಫೀಸು ಕಂಪನಿ ಕೊಡುತ್ತದಾ, ಆರೋಗ್ಯ ವಿಮೆ ನಿಮಗೊಬ್ಬರಿಗಾ ಅಥವಾ ಮನೆಯವರಿಗೆಲ್ಲ ಸೇರಿಸಿಯಾ, ವರ್ಷದ ಟಿಕೆಟ್ ಎಷ್ಟು ಜನರಿಗೆ? ಮೂರನ್ನೂ ಸಹಿ ಹಾಕುವ ಮೊದಲೇ ಕೇಳಿ. ದುಬೈನಲ್ಲಿ ವಿಮೆ ಕಡ್ಡಾಯ. ಕಂಪನಿ ಮಾಡಿಸದಿದ್ದರೆ ಹೆಂಡತಿ ಮಕ್ಕಳದ್ದು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಎಚ್‌ಆರ್ ಬಾಯಲ್ಲಿ "ನೋಡೋಣ ಸಾರ್" ಅಂದರೆ ಇಲ್ಲ ಅಂತಲೇ ಲೆಕ್ಕ.

ಹಂತ 2: ಕಾಗದ

ಮಕ್ಕಳ ವೀಸಾಕ್ಕೆ ಜನನ ಪ್ರಮಾಣಪತ್ರ, ಹೆಂಡತಿಯ ವೀಸಾಕ್ಕೆ ಮದುವೆ ಪ್ರಮಾಣಪತ್ರ ಬೇಕು. ಎರಡಕ್ಕೂ ಅಟೆಸ್ಟೇಶನ್, ಅಂದರೆ ಕಾಗದ ಅಸಲಿ ಅಂತ ಸರ್ಕಾರಿ ಕಚೇರಿಗಳ ಮುದ್ರೆ, ಆಗಿರಬೇಕು. ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದವರು ಕೊಟ್ಟ ಚೀಟಿ, ಲಗ್ನಪತ್ರಿಕೆ ಯಾವುದೂ ನಡೆಯುವುದಿಲ್ಲ. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಲ್ಲದಿದ್ದರೆ ಈಗ ಮಾಡಿಸಿ. ಅದು ಸುಲಭದ ಕೆಲಸ.

ಕಷ್ಟ ಇರುವುದು ಮಕ್ಕಳದ್ದರಲ್ಲಿ. ಪ್ರಮಾಣಪತ್ರವನ್ನು ಟೇಬಲ್ ಮೇಲಿಟ್ಟುಕೊಂಡು ಪಕ್ಕದಲ್ಲಿ ಅಪ್ಪ, ಅಮ್ಮ, ಮಗು ಮೂವರ ಪಾಸ್‌ಪೋರ್ಟನ್ನೂ ತೆರೆದಿಡಿ. ಒಂದೊಂದೇ ಅಕ್ಷರ ಕೂಡಿಸಿ ಓದಿ.

ಮೊದಲು ಮಗುವಿನ ಹೆಸರು. ಹುಟ್ಟಿದ ವಾರದಲ್ಲೇ ನೋಂದಣಿ ಮಾಡಿಸಿ, ನಾಮಕರಣ ಆದ ಮೇಲೆ ಹೆಸರು ಸೇರಿಸಲು ಮರೆತವರು ಎಷ್ಟೋ ಜನ. ಹೆಸರಿನ ಜಾಗ ಖಾಲಿ ಇರುತ್ತದೆ. ಹುಟ್ಟಿ 12 ತಿಂಗಳೊಳಗೆ ಪುಕ್ಕಟೆಯಾಗಿ, ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಹೆಸರಿದ್ದರೆ ಇನಿಷಿಯಲ್ ನೋಡಿ. ಸರ್ಟಿಫಿಕೇಟಿನಲ್ಲಿ "ಆದ್ಯ ಎಸ್", ಪಾಸ್‌ಪೋರ್ಟಿನಲ್ಲಿ "ಆದ್ಯ ಸುರೇಶ್". ನಮಗೆ ಎರಡೂ ಒಂದೇ, ಕೌಂಟರಿನಲ್ಲಿ ಕೂತವರಿಗೆ ಇಬ್ಬರು ಬೇರೆ ಬೇರೆ ಮಕ್ಕಳು. ಆಮೇಲೆ ಅಮ್ಮನ ಹೆಸರು. ಆಸ್ಪತ್ರೆಯಲ್ಲಿ ಯಾರೋ ಅವಸರಕ್ಕೆ "ಲಕ್ಷ್ಮಿ" ಅಂತ ಬರೆಸಿರುತ್ತಾರೆ, ಪಾಸ್‌ಪೋರ್ಟಿನಲ್ಲಿ "ಲಕ್ಷ್ಮೀದೇವಿ" ಇರುತ್ತದೆ. ಇಂಗ್ಲಿಷಿನಲ್ಲಂತೂ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಎಕ್ಸ್. ಇವನ್ನೆಲ್ಲ ಜನನ ನೋಂದಣಿಯಾದ ಕಚೇರಿಯಲ್ಲೇ ತಿದ್ದಿಸಬೇಕು. ಅಫಿಡವಿಟ್ ಒಂದಿದ್ದರೆ ಸಾಕು ಅಂತ ನೋಟರಿ ಹೇಳುತ್ತಾರೆ. ಸಾಲುವುದಿಲ್ಲ.

ನೋಂದಣಿಯಾದ ಕಚೇರಿ ಅಂದೆನಲ್ಲ, ಅಲ್ಲೊಂದು ತಮಾಷೆ ಇದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ನೀವು ಇರುವುದು ಬೆಂಗಳೂರಿನಲ್ಲಿ, ಮಗು ಹುಟ್ಟಿದ್ದು ಸಾಗರದಲ್ಲಿ. ತಿದ್ದುಪಡಿಗೆ ಸಾಗರಕ್ಕೇ ಹೋಗಬೇಕು. ತವರು ಕಾಸರಗೋಡೋ ಸೊಲ್ಲಾಪುರವೋ ಆಗಿದ್ದರೆ ಇನ್ನೂ ಒಂದು ಸುತ್ತು ಜಾಸ್ತಿ. ಯಾಕಂದರೆ ರಾಜ್ಯ ಮಟ್ಟದ ಅಟೆಸ್ಟೇಶನ್ ಮಾಡುವುದು ಸರ್ಟಿಫಿಕೇಟ್ ಕೊಟ್ಟ ರಾಜ್ಯ. ಕೇರಳದ ಕಾಗದಕ್ಕೆ ಬೆಂಗಳೂರಿನಲ್ಲಿ ಮುದ್ರೆ ಬೀಳುವುದಿಲ್ಲ. ಅಜ್ಜನೋ ಮಾವನೋ ಊರಲ್ಲಿದ್ದರೆ ಆ ಕೆಲಸ ಅವರಿಗೆ ಈಗಲೇ ಒಪ್ಪಿಸಿ.

ಕೈಬರಹದ ಹಳೆಯ ಪ್ರಮಾಣಪತ್ರವಾದರೆ ಕನ್ನಡ, ಇಂಗ್ಲಿಷ್ ಎರಡೂ ಇರುವ, ನಮ್ಮ ರಾಜ್ಯದ ಇ-ಜನ್ಮ ಪೋರ್ಟಲ್‌ನ ಪ್ರತಿ ತೆಗೆಸಿ. ಆ ಪ್ರತಿಯನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಕಾಗದ ಹಾಳಾಗದಿರಲಿ ಅಂತ ಪ್ಲಾಸ್ಟಿಕ್ ಹೊದಿಸುವುದು ನಮ್ಮ ಚಾಳಿ. ಆದರೆ ಮುದ್ರೆಗಳು, ಸ್ಟಿಕರ್‌ಗಳು ಬೀಳುವುದು ಅದೇ ಹಾಳೆಯ ಹಿಂಬದಿಗೆ. ಪ್ಲಾಸ್ಟಿಕ್ ಮೇಲೆ ಮುದ್ರೆ ಹಾಕುವುದಿಲ್ಲ. ಕಿತ್ತರೆ ಅಕ್ಷರವೂ ಕಿತ್ತು ಬರುತ್ತದೆ. ಈಗಾಗಲೇ ಮಾಡಿಸಿದ್ದರೆ ಅದನ್ನು ನೆನಪಿಗೆ ಇಟ್ಟುಕೊಂಡು ಹೊಸ ಪ್ರತಿ ತನ್ನಿ.

ಈಗ ಕ್ರಮ. ಮೊದಲು ರಾಜ್ಯ ಸರ್ಕಾರ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ದುಬೈಗೆ ಬಂದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ. ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲಾಗದು. ನಮ್ಮ ಕೇಂದ್ರದ ಸಚಿವಾಲಯ ನೇರವಾಗಿ ಜನರಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ಗೊತ್ತುಮಾಡಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಆ ಏಜೆನ್ಸಿಗಳ ಹೆಸರು ಸಚಿವಾಲಯದ ವೆಬ್‌ಸೈಟಿನಲ್ಲೇ ಇದೆ. ದುಬೈನಲ್ಲಿ ವೀಸಾ ಅರ್ಜಿಗೆ ಇವುಗಳ ಅರೇಬಿಕ್ ಅನುವಾದವನ್ನೂ ಕೇಳುತ್ತಾರೆ. ಅದನ್ನು ಅಲ್ಲಿಯ ಪರವಾನಗಿ ಇರುವ ಅನುವಾದಕರಿಂದಲೇ ಮಾಡಿಸಬೇಕು. ಊರಲ್ಲಿ ಮಾಡಿಸಿ ತಂದದ್ದು ದಂಡ.

ಏಜೆಂಟರ ಬಗ್ಗೆ ಒಂದು ಮಾತು. "ಅಪಾಸ್ಟಿಲ್ ಮಾಡಿಸಿ ಕೊಡ್ತೀವಿ ಸಾರ್, ಮೂರು ದಿನ ಸಾಕು, ಎಲ್ಲ ದೇಶಕ್ಕೂ ಆಗುತ್ತೆ" ಅನ್ನುವವರ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ಅಪಾಸ್ಟಿಲ್ ಅಂದರೆ ರಾಯಭಾರ ಕಚೇರಿಗೆ ಹೋಗದೆ ಸಚಿವಾಲಯದ ಒಂದೇ ಸ್ಟಿಕರ್‌ನಲ್ಲಿ ಮುಗಿಯುವ ದೃಢೀಕರಣ. ಅದು ನಡೆಯುವುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ. ಒಮಾನ್, ಬಹ್ರೇನ್, ಸೌದಿ ಸೇರಿವೆ. ಯುಎಇಗೆ ರಾಯಭಾರ ಕಚೇರಿಯ ಅಟೆಸ್ಟೇಶನ್ನೇ ಬೇಕು. ಮಸ್ಕತ್ತಿನಲ್ಲಿರುವ ಭಾವನಿಗೆ ಅಪಾಸ್ಟಿಲ್‌ನಲ್ಲೇ ಕೆಲಸ ಆಯಿತು ಅಂತ ನಿಮಗೂ ಆಗುವುದಿಲ್ಲ. ಮೂಲ ಪ್ರತಿ ಕೊಡುವಾಗ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ರಸೀದಿಯಲ್ಲಿ ಯಾವ ಯಾವ ಮುದ್ರೆ ಅಂತ ಬರೆಸಿಕೊಳ್ಳಿ.

ಹಂತ 3: ಪಾಸ್‌ಪೋರ್ಟ್

ಸರ್ಟಿಫಿಕೇಟ್ ತಿದ್ದಿದ ಮೇಲೆ ಪಾಸ್‌ಪೋರ್ಟ್, ಎರಡೂ ಹೊಂದಿದ ಮೇಲೆ ಅಟೆಸ್ಟೇಶನ್. ತಿರುಗಾಮುರುಗಾ ಮಾಡಿದರೆ ಎಲ್ಲವನ್ನೂ ಮತ್ತೆ ಮಾಡಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಷ್ಯ, ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಹೊಸದು ಮಾಡಿಸಿ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ನಮ್ಮಲ್ಲಿ ಬರೀ "ಪ್ರಣವ್" ಅಂತ ಒಂದೇ ಹೆಸರಿಡುವುದು ಮಾಮೂಲು. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ತಡೆ ಹಾಕಿತು. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಆಮೇಲೆ ಸಡಿಲಿಸಿದರು. ಆದರೂ ಆ ಚರ್ಚೆಯನ್ನು ಚೆಕ್-ಇನ್ ಕೌಂಟರಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಮಾಡುವ ಗ್ರಹಚಾರ ಯಾಕೆ? ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿ.

ಹಂತ 4: ಸ್ಕೂಲು, ಮತ್ತು ಹೊರಡುವ ತಿಂಗಳು

ಇವೆರಡನ್ನೂ ಒಟ್ಟಿಗೇ ನಿರ್ಧರಿಸಬೇಕು. ದುಬೈನ ಭಾರತೀಯ ಪಠ್ಯಕ್ರಮದ ಶಾಲೆಗಳು ಶುರುವಾಗುವುದು ಏಪ್ರಿಲ್‌ನಲ್ಲಿ, ಬ್ರಿಟಿಷ್ ಶಾಲೆಗಳು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ನಮ್ಮ ರಾಜ್ಯ ಪಠ್ಯಕ್ರಮದ ಮಕ್ಕಳು ಏಪ್ರಿಲ್, ಮೇ ರಜೆ ಅಜ್ಜಿ ಮನೆಯಲ್ಲಿ ಕಳೆದು ಜೂನ್‌ನಲ್ಲಿ ಬಂದರೆ ಅಷ್ಟರಲ್ಲಿ ಅಲ್ಲಿ ಎರಡು ತಿಂಗಳ ಪಾಠ ಮುಗಿದಿರುತ್ತದೆ. ಜುಲೈ, ಆಗಸ್ಟ್ ಬೇಸಿಗೆ ರಜೆ, ಹೊರಗೆ 45 ಡಿಗ್ರಿ ಸೆಕೆ. ಗೆಳೆಯರಿಲ್ಲದ ಊರಲ್ಲಿ ಮಕ್ಕಳು ಎಸಿ ಕೋಣೆಯಲ್ಲಿ ಟಿವಿ ನೋಡುತ್ತಾ ಕೂರುತ್ತಾರೆ. ನನ್ನ ಖಡಾಖಂಡಿತ ಸಲಹೆ: ಅಪ್ಪ ಮೊದಲು ಬರಲಿ, ಪರೀಕ್ಷೆ ಮುಗಿದ ಕೂಡಲೇ ಮಾರ್ಚ್ ಕೊನೆಗೆ ಮಕ್ಕಳು ಬರಲಿ. ಅಜ್ಜಿ ಮನೆಗೆ ಜುಲೈನಲ್ಲಿ ಹೋದರಾಯಿತು. ಮಳೆಗಾಲವೂ ಸಿಗುತ್ತದೆ.

ಅಲ್ಲಿನ ಭಾರತೀಯ ಶಾಲೆಗಳಲ್ಲಿ ಒಂದನೇ ತರಗತಿಗೆ ಮಾರ್ಚ್ 31ಕ್ಕೆ ಆರು ವರ್ಷ ತುಂಬಿರಬೇಕು. ಜೂನ್ 1ರ ಲೆಕ್ಕದಲ್ಲಿ ಊರಿನಲ್ಲಿ ಸೇರಿಸಿದ ಏಪ್ರಿಲ್, ಮೇ ತಿಂಗಳ ಮಕ್ಕಳಿಗೆ ಇದು ಅಡ್ಡ ಬರಬಹುದು, ಅರ್ಜಿ ಹಾಕುವ ಮೊದಲು ಶಾಲೆಯವರನ್ನು ಕೇಳಿ. ದೊಡ್ಡ ತರಗತಿಯ ಮಕ್ಕಳಿಗೆ ಟಿಸಿ ಬೇಕು, ಅದಕ್ಕೂ ಅಟೆಸ್ಟೇಶನ್ ಇದೆ. ಟಿಸಿಯ ಮೇಲೆ ಬಿಇಒ ಕಚೇರಿಯ ಮೇಲುಸಹಿ ಹಾಕಿಸಿಕೊಂಡೇ ಊರು ಬಿಡಿ. ರಜೆಯಲ್ಲಿ ಹೆಡ್‌ಮಾಸ್ಟರೂ ಸಿಗುವುದಿಲ್ಲ, ಗುಮಾಸ್ತರೂ ಸಿಗುವುದಿಲ್ಲ. "ತೇರ್ಗಡೆಯಾಗಿ ಮುಂದಿನ ತರಗತಿಗೆ ಅರ್ಹ" ಅನ್ನುವ ಸಾಲು ಅದರಲ್ಲಿ ಸ್ಪಷ್ಟವಾಗಿ ಇರಲಿ.

ಶಾಲೆ ಆರಿಸುವಾಗ ಖಾಸಗಿ ಶಾಲೆಗಳನ್ನು ಪರಿಶೀಲಿಸುವ ಕೆಎಚ್‌ಡಿಎ ಅನ್ನುವ ದುಬೈ ಸರ್ಕಾರದ ಸಂಸ್ಥೆಯ ವರದಿಗಳನ್ನು ಓದಿ, ಎಲ್ಲರಿಗೂ ತೆರೆದಿವೆ. ಬರೀ ಶ್ರೇಣಿ ನೋಡಿ ಮರುಳಾಗಬೇಡಿ. ಆ ಶ್ರೇಣಿ ಯಾವ ವರ್ಷದ್ದು ನೋಡಿ, ಒಳಗೆ ನಿಮ್ಮ ಮಗುವಿನ ತರಗತಿಯ ಮಟ್ಟದ ಬಗ್ಗೆ ಏನು ಬರೆದಿದ್ದಾರೆ ನೋಡಿ. ಒಂದರಿಂದ ಒಂಬತ್ತನೇ ತರಗತಿವರೆಗೆ ಅರೇಬಿಕ್ ಕಡ್ಡಾಯ. ಆರನೇ ತರಗತಿಗೆ ಹೊಸದಾಗಿ ಸೇರುವ ಮಗುವಿಗೆ ಅಲಿಫ್, ಬಾ ಶುರುವಿನಿಂದ ಹೇಳಿಕೊಡುತ್ತಾರಾ ಅಂತ ಕೇಳಿ. ಒಳ್ಳೆಯ ಶಾಲೆ ಇದಕ್ಕೆ ನೇರ ಉತ್ತರ ಕೊಡುತ್ತದೆ. ಇನ್ನು ಹತ್ತನೇ ಅಥವಾ ಹನ್ನೆರಡನೇ ತರಗತಿಗೆ ಕರೆತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ತರಗತಿಗಳಿಗೆ ನೇರ ಪ್ರವೇಶಕ್ಕೆ ಸಿಬಿಎಸ್‌ಇ ನಿರ್ಬಂಧ ಇದೆ. ಒಂಬತ್ತಕ್ಕೆ ಮೊದಲು ಬನ್ನಿ, ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಬನ್ನಿ.

ವಿಸಿಟ್ ವೀಸಾದಲ್ಲಿ ಮಕ್ಕಳನ್ನು ಕರೆತಂದು ಆಮೇಲೆ ವೀಸಾ ಬದಲಿಸುವ ಅಡ್ಡದಾರಿ ಎಲ್ಲರಿಗೂ ಗೊತ್ತು. ವೀಸಾ ಬದಲಾಗುತ್ತದೆ, ಆದರೆ ಶಾಲೆಯ ನೋಂದಣಿ ಪೂರ್ತಿ ಆಗಲು ಎಮಿರೇಟ್ಸ್ ಐಡಿ ಅನ್ನುವ ಅಲ್ಲಿನ ಗುರುತಿನ ಚೀಟಿ ಬೇಕು. ಐಡಿಗೆ ರೆಸಿಡೆನ್ಸ್ ವೀಸಾ ಬೇಕು. ಅದಕ್ಕೆ ಮತ್ತೆ ಅದೇ ಜನನ ಪ್ರಮಾಣಪತ್ರ.

ಹಂತ 5: ಮನೆ

ಶಾಲೆ ಗೊತ್ತಾದ ಮೇಲೆ ಮನೆ ನೋಡಿ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಅಂತ ಅಲ್ಲಿ ಮನೆ ಹಿಡಿದು ದುಬೈ ಶಾಲೆಗೆ ಮಕ್ಕಳನ್ನು ಹಾಕುವವರಿದ್ದಾರೆ. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯನ್ನು ಒಮ್ಮೆ ನೋಡಿ, ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಶಾರ್ಜಾದಲ್ಲಿ ಮನೆ ಅಂದರೆ ಶಾರ್ಜಾದಲ್ಲೇ ಶಾಲೆ. ಅಲ್ಲಿ ಶುಕ್ರವಾರವೂ ಸೇರಿ ವಾರಕ್ಕೆ ಮೂರು ದಿನ ರಜೆ, ದುಬೈನಲ್ಲಿ ಶನಿವಾರ, ಭಾನುವಾರ ಮಾತ್ರ, ಶುಕ್ರವಾರ ಅರ್ಧ ದಿನ. ಅಪ್ಪನ ಆಫೀಸು ದುಬೈನಲ್ಲಿದ್ದರೆ ಶುಕ್ರವಾರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತಲೂ ಯೋಚಿಸಿ. ಬುರ್ ದುಬೈ, ಕರಾಮಾ, ಕುಸೈಸ್, ಅಲ್ ನಹ್ದಾ ಕಡೆ ನಮ್ಮವರು ಜಾಸ್ತಿ. ದರ್ಶಿನಿ ಥರದ ಹೋಟೆಲು, ಕುಚ್ಚಲಕ್ಕಿ, ಮಲ್ಲಿಗೆ ಹೂವು ಎಲ್ಲ ನಡೆಯುವ ದೂರದಲ್ಲಿ.

ಬಾಡಿಗೆಯನ್ನು ಮುಂದಿನ ತಾರೀಕಿನ ಚೆಕ್‌ಗಳಲ್ಲಿ ಕೊಡುವುದು ಅಲ್ಲಿನ ಪದ್ಧತಿ. ನಾಲ್ಕು ಚೆಕ್ ಅಂದರೆ ಮೂರು ತಿಂಗಳ ಬಾಡಿಗೆ ಒಂದೇ ಸಲ. ಜೊತೆಗೆ ಠೇವಣಿ, ಬ್ರೋಕರ್ ಕಮಿಷನ್, ಕರೆಂಟು ನೀರಿನ ಡಿವಾ ಸಂಪರ್ಕಕ್ಕೆ ಫ್ಲ್ಯಾಟಾದರೆ 2,000 ದಿರ್ಹಂ ಡಿಪಾಸಿಟ್. ಇಜಾರಿ, ಅಂದರೆ ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ, ಮಾಡಿಸದ ಮನೆಗೆ ಹೋಗಲೇಬೇಡಿ.

ಹಂತ 6: ವೀಸಾ

ಕಾಗದ ಸರಿಯಾಗಿದ್ದರೆ ಇದರಲ್ಲಿ ಹೇಳುವಂಥದ್ದೇನಿಲ್ಲ. ದುಬೈನಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ಅಮರ್ ಸೆಂಟರಿಗೆ ಹೋಗಿ ಅರ್ಜಿ ಹಾಕಿ. ಚಿಕ್ಕ ಮಕ್ಕಳಿಗೆ ಮೆಡಿಕಲ್ ಟೆಸ್ಟ್ ಇಲ್ಲ.

ಹಂತ 7: ಪೆಟ್ಟಿಗೆ

ಮಿಕ್ಸಿ ತನ್ನಿ, ಚೌಕ ಪಿನ್ನಿನ ಅಡಾಪ್ಟರ್ ಹಾಕಿದರೆ ಓಡುತ್ತದೆ. ಪಾತ್ರೆಪಗಡೆ ಬೇಡ. ಗಸಗಸೆ ಒಂದು ಕಾಳೂ ಬೇಡ. ನಮಗೆ ಅದು ಹಬ್ಬದ ಪಾಯಸ, ಅಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಜೈಲಿಗೆ ಹೋಗುವ ವಿಷಯ. ಇಡೀ ಕಾಳು ಯಾರೂ ತರುವುದಿಲ್ಲ, ಅತ್ತೆ ಪ್ರೀತಿಯಿಂದ ಕುಟ್ಟಿಸಿ ಕೊಟ್ಟ ಮಸಾಲೆ ಪುಡಿಯಲ್ಲಿ ಬಂದುಬಿಡುತ್ತದೆ. ಯಾವ ಪುಡಿಯಲ್ಲಿ ಏನಿದೆ ಅಂತ ಅವರನ್ನೇ ಕೇಳಿ, ಅನುಮಾನವಿದ್ದರೆ ಅಡುಗೆಮನೆಯಲ್ಲೇ ಬಿಟ್ಟುಬನ್ನಿ. ಅತ್ತೆ ಬೇಜಾರಾದರೂ ಪರವಾಗಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಮಕ್ಕಳಿಗೆ ಕಾಯಂ ಔಷಧಿ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ.

ತಾಯಿ ಕಾರ್ಡನ್ನು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಲಸಿಕೆಯ ವಿವರ ಶಾಲೆಯವರು ಕೇಳುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಹತ್ತು ವರ್ಷದೊಳಗಿನವರು ಮುಂದೆ ಕೂರುವಂತಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಅಭ್ಯಾಸ ಊರಲ್ಲೇ ಬಿಡಿ. ಆ ಸೀಟನ್ನು ದುಬೈನಲ್ಲೇ ಕೊಳ್ಳಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬಟ್ಟೆಯ ಬೆಲ್ಟು ದುಡ್ಡಿಗೆ ದಂಡ, ಮಗುವಿಗೂ ಅಪಾಯ.

ಹಂತ 8: ಬಂದ ಮೇಲೆ

ಕನ್ನಡ ಮಿತ್ರರು ಯುಎಇ ಸಂಘದವರು ದುಬೈನಲ್ಲಿ ಮಕ್ಕಳಿಗೆ ವಾರಾಂತ್ಯದಲ್ಲಿ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಾರೆ. ಹೆಸರು ಬೇಗ ಕೊಡಿ. ಮಗು ಕನ್ನಡ ಕಲಿಯುತ್ತದೆ ಅನ್ನುವುದು ಒಂದು. ಅದಕ್ಕಿಂತ, ಹೊಸ ಶಾಲೆಯಲ್ಲಿ ಬಾಯಿಬಿಡದ ಮಗು ಅಲ್ಲಿ ಮಾತಾಡಲು ಶುರುಮಾಡುತ್ತದೆ, ಅಮ್ಮನಿಗೂ ನಾಲ್ಕು ಜನ ಸಿಗುತ್ತಾರೆ. ತುಳು, ಬ್ಯಾರಿ, ಕೊಂಕಣಿ ಮಾತಾಡುವವರ ಕೂಟಗಳೂ ಬೇರೆ ಬೇರೆ ಇವೆ.

ಹೀಗೆ ಸೇರಿದ ಕೂಡಲೇ ನಿಮ್ಮ ಫೋನಿಗೆ ನಾಲ್ಕೈದು ವಾಟ್ಸಾಪ್ ಗುಂಪುಗಳು ಬಂದು ಬೀಳುತ್ತವೆ. ಹಳೆಯ ಸೋಫಾ, ಮನೆಗೆಲಸದವರು, ಒಳ್ಳೆಯ ದೋಸೆ ಹಿಟ್ಟು ಎಲ್ಲಿ ಅನ್ನುವುದಕ್ಕೆ ಅವುಗಳಷ್ಟು ಒಳ್ಳೆಯ ಜಾಗ ಇಲ್ಲ. ವೀಸಾ ನಿಯಮವನ್ನು ಮಾತ್ರ ಅಲ್ಲಿ ಕೇಳಬೇಡಿ. ಐದು ವರ್ಷದ ಹಿಂದೆ ತಮಗೆ ಆದದ್ದನ್ನೇ ಇವತ್ತಿನ ಕಾನೂನು ಅಂತ ಹೇಳುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅಮರ್ ಸೆಂಟರಿಗೆ ಹೋಗಿ ಟೋಕನ್ ತೆಗೆದುಕೊಂಡು ಕೌಂಟರಿನಲ್ಲೇ ಕೇಳಿ.